ದವಡೆ ಹಲ್ಲು

ನನ್ನ ಹೊಟ್ಟೆಪಾಡೇ ವಂಶವೃಕ್ಷ ಬರೆಯುವುದು. ಶ್ರೀನಿವಾಸಪುರದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಪತ್ರ ಬರಹಗಾರನಾಗಿದ್ದೇನೆ. ಕ್ರಯಪತ್ರ, ವಿಭಾಗ ಪತ್ರ, ಹಕ್ಕು ಬಿಡುಗಡೆ ಪತ್ರ, ಪೌತಿ ಖಾತೆಯ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ, ಅರ್ಜಿ. ಈ ಕೊನೆಯದಕ್ಕೆ ವಂಶವೃಕ್ಷವಿಲ್ಲದೆ ಆಗುವುದಿಲ್ಲ. ಮೇಲೆ ಮೂಲಪುರುಷನ ಹೆಸರು, ಪಕ್ಕದಲ್ಲಿ ಹೆಂಡತಿ, ಸತ್ತವರಿಗೆ 'ಮರಣ' ಎಂಬ ಒಂದು ಪದ, ಕೆಳಗೆ ಗೆರೆ ಎಳೆದು ಮಕ್ಕಳು. ಕಾಗದದ ಮೇಲೆ ಇಪ್ಪತ್ತು ನಿಮಿಷದ ಕೆಲಸ. ಯಾರನ್ನು ಬರೆಯಬೇಕು, ಯಾರನ್ನು ಬಿಡಬೇಕು ಎಂದು ಎದುರಿಗೆ ಕೂತವರು ಜಗಳವಾಡಿಕೊಳ್ಳುವುದಕ್ಕೆ ಅರ್ಧ ದಿನ ಹಿಡಿಯುತ್ತದೆ.

ಅಜ್ಜಿ ತೀರಿಕೊಂಡ ಮರುವರ್ಷ, 2012ರಲ್ಲಿ, ಅಮ್ಮನ ತವರಿನ ವಂಶವೃಕ್ಷವನ್ನೂ ನಾನೇ ಬರೆದೆ. ತಾತನ ಹೆಸರಿನ ಕೆಳಗೆ ಮೂರು ಗೆರೆ. ದೊಡ್ಡ ಮಾವ. ಚಿಕ್ಕ ಮಾವ, ಅವನ ಹೆಸರಿನ ಮುಂದೆ 'ಅವಿವಾಹಿತ, ಕಾಣೆಯಾಗಿರುತ್ತಾರೆ'. ನನ್ನ ಅಮ್ಮ, ಅವಳ ಹೆಸರಿನ ಮುಂದೆ 'ಹಕ್ಕು ಬಿಡುಗಡೆ ಮಾಡಿರುತ್ತಾರೆ'. ನಾಲ್ಕನೆಯ ಗೆರೆ ಎಳೆಯಬೇಕಿತ್ತು. ದೊಡ್ಡಮ್ಮ ಗಡಿಯಾಚೆ ಪುಂಗನೂರಿನಲ್ಲಿ ಮೂರು ಮಕ್ಕಳ ತಾಯಿಯಾಗಿ ಬದುಕಿದ್ದರು. "ಅವಳಿಗೂ ನಮಗೂ ಸಂಬಂಧ ಹರಿದು ಎಷ್ಟು ಕಾಲವಾಯಿತು, ಬಿಡಪ್ಪ" ಎಂದರು ದೊಡ್ಡ ಮಾವ. ಬಿಟ್ಟೆ. ಅದು ತಪ್ಪು ಎಂದು ಗೊತ್ತಿದ್ದೇ ಬಿಟ್ಟೆ. ಬೇರೆಯವರ ಮನೆಯ ಕಾಗದವಾಗಿದ್ದರೆ ಹಾಗೆ ಬರೆಯುತ್ತಿರಲಿಲ್ಲ ಎಂದು ಈಗಲೂ ಅಂದುಕೊಳ್ಳುತ್ತೇನೆ, ಅಷ್ಟು ಧೈರ್ಯವಾಗಿ ಅಲ್ಲ.

ಸಂಬಂಧ ಹರಿದಿದ್ದು ಚಿಕ್ಕ ಮಾವನ ಕಾರಣಕ್ಕೆ. 1998ರ ಜೂನ್ ತಿಂಗಳು, ಮಾವಿನ ಸುಗ್ಗಿ. ಕೊನೆಯ ಲೋಡು ಮಂಡಿಗೆ ಹಾಕಿ, ಸುಗ್ಗಿಯ ಲೆಕ್ಕ ತೀರಿಸಿಕೊಂಡು ಬರುತ್ತೇನೆಂದು ಹೋದವನು ಬರಲಿಲ್ಲ. ಮಂಡಿಯವರು ಹಣ ಕೊಟ್ಟಾಗಿದೆ ಎಂದು ಪಟ್ಟಿ ತೋರಿಸಿದರು. ಅವನಿಗೆ ಮೂವತ್ತೊಂದು ವರ್ಷ, ನನಗೆ ಹದಿನೆಂಟು. ದುಡ್ಡು ತೆಗೆದುಕೊಂಡು ಮುಂಬಯಿಗೋ ಸೂರತ್ತಿಗೋ ಓಡಿಹೋಗಿದ್ದಾನೆ ಎಂದು ದೊಡ್ಡ ಮಾವ ತೀರ್ಮಾನಿಸಿದರು; ಮನೆಯ ಮಾನ ಹೋಗುತ್ತದೆಂದು ಪೊಲೀಸರಿಗೆ ದೂರು ಕೊಡಲಿಲ್ಲ. "ನನ್ನ ತಮ್ಮ ಕಳ್ಳನಲ್ಲ, ಹುಡುಕಿಸು" ಎಂದು ದೊಡ್ಡಮ್ಮ ಅಂಗಳದಲ್ಲಿ ನಿಂತು ಕೂಗಾಡಿದರು. "ನೀನೇ ಬಚ್ಚಿಟ್ಟಿರಬೇಕು" ಎಂಬ ಮಾತು ಬಂತು. ಅವರು ಅವತ್ತು ಹೋದವರು ಅಜ್ಜಿಯ ತಿಥಿಗೂ ಬರಲಿಲ್ಲ.

ಏಳು ವರ್ಷ ಸುದ್ದಿಯಿಲ್ಲದವರನ್ನು ಸತ್ತವರೆಂದು ನ್ಯಾಯಾಲಯ ಭಾವಿಸಬಹುದು. ಹಳೆಯ ಸಾಕ್ಷ್ಯ ಕಾಯ್ದೆಯ 108ನೇ ಕಲಮು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 111. ನೂರು ಜನಕ್ಕೆ ಈ ದಾರಿ ಹೇಳಿಕೊಟ್ಟವನು ನಾನು. ನಮ್ಮ ಮನೆಯಲ್ಲಿ ಯಾರೂ ದಾವೆ ಹೂಡಲಿಲ್ಲ. ಅಜ್ಜಿ ಇರುವವರೆಗೆ ಆ ಮಾತೆತ್ತುವ ಹಾಗಿರಲಿಲ್ಲ, ಆಮೇಲೆ ಯಾರಿಗೂ ಬೇಕಾಗಿರಲಿಲ್ಲ.

2023ರ ಡಿಸೆಂಬರಿನಲ್ಲಿ ಪತ್ರಿಕೆಯ ಒಳಪುಟದಲ್ಲಿ ಬೆರಳಗಲದ ಸುದ್ದಿ ಬಂತು. ನಮ್ಮ ಊರಿಗೂ ಶ್ರೀನಿವಾಸಪುರಕ್ಕೂ ನಡುವೆ, ಒಳದಾರಿಯ ಪಕ್ಕದ ಪಾಳುಬಾವಿಯೊಂದನ್ನು ಜಮೀನಿನವರು ಮುಚ್ಚಿಸಲು ಹೊರಟಿದ್ದರು. ಕೋಲಾರ ಸೀಮೆಯಲ್ಲಿ ಇಂಥ ಬಾವಿಗಳು ಲೆಕ್ಕವಿಲ್ಲದಷ್ಟಿವೆ. ಕೊಳವೆಬಾವಿಗಳು ಸಾವಿರ ಅಡಿ ದಾಟಿದ ಮೇಲೆ ತೆರೆದ ಬಾವಿಗಳನ್ನು ಕೇಳುವವರಿಲ್ಲ, ಜಾಲಿ ಬೆಳೆದು ಬಾಯಿ ಮುಚ್ಚಿಕೊಂಡಿವೆ. ಈ ಬಾವಿಗೆ ಕಟ್ಟೆಯೂ ಇರಲಿಲ್ಲ. ಕಲ್ಲು ಆಯ್ದುಕೊಳ್ಳೋಣವೆಂದು ಜೆಸಿಬಿ ಇಳಿಸಿದಾಗ ಹೂಳಿನಲ್ಲಿ ತಲೆಬುರುಡೆ ಸಿಕ್ಕಿತು. ಗಂಡಸು, ಸುಮಾರು ಇಪ್ಪತ್ತೈದರಿಂದ ನಲವತ್ತು ವರ್ಷ, ಎಚ್‌ಎಂಟಿ ಕೈಗಡಿಯಾರ, ಬೆಳ್ಳಿಯ ಉಡುದಾರದ ತುಂಡು, ಗುರುತು ಸಿಕ್ಕವರು ಸಂಪರ್ಕಿಸಿ.

ಅಮ್ಮನಿಗೆ ಓದಿ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಆ ಕಾಲದಲ್ಲಿ ಅರ್ಧ ಜಿಲ್ಲೆಯ ಕೈಯಲ್ಲಿ ಎಚ್‌ಎಂಟಿ ಇತ್ತು" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಯಾವ ಬಾವಿ?" ಎಂದಳು.

ಠಾಣೆಗೆ ಹೋದಾಗ ಮೊದಲ ಪ್ರಶ್ನೆ: ಕಾಣೆಯಾದ ದೂರಿನ ನಂಬರು? ದೂರೇ ಇರಲಿಲ್ಲವಲ್ಲ. ಇಪ್ಪತ್ತೈದು ವರ್ಷ ತಡವಾಗಿ ಕಾಣೆ ದೂರು ಬರೆದುಕೊಟ್ಟೆ, ನನ್ನದೇ ಅಕ್ಷರದಲ್ಲಿ. ತಡಕ್ಕೆ ಕಾರಣ ಎಂಬಲ್ಲಿ 'ಮನೆಯವರ ತಪ್ಪು ತಿಳಿವಳಿಕೆ' ಎಂದು ಬರೆದೆ. ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಓದಿ, ಏನೂ ಹೇಳದೆ ಕಡತಕ್ಕೆ ಸೇರಿಸಿದರು. ಬಾವಿಯ ಮೂಳೆಗಳ ಮೇಲೆ ಆಗಲೇ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ದಾಖಲಾಗಿತ್ತು. ಮೂಳೆಗಳು ವೈದ್ಯರ ಬಳಿ ಹೋಗಿದ್ದವು. ಸೊಂಟದ ಮೂಳೆ ನೋಡಿ ಗಂಡೋ ಹೆಣ್ಣೋ, ಕೊರಳೆಲುಬಿನ ತುದಿ ಕೂಡಿಕೊಂಡಿರುವುದನ್ನು ನೋಡಿ ವಯಸ್ಸು, ತೊಡೆಮೂಳೆಯ ಉದ್ದದಿಂದ ಎತ್ತರ. ಇಷ್ಟನ್ನು ಮೂಳೆ ತಾನಾಗಿ ಹೇಳುತ್ತದೆ. ಹೆಸರನ್ನು ಹೇಳಬೇಕಾದರೆ ಮಾತ್ರ ಬದುಕಿರುವವರ ರಕ್ತ ಬೇಕು.

ಆ ವಾರವೆಲ್ಲ ರಾತ್ರಿ ಮೊಬೈಲಿನಲ್ಲಿ ಓದಿದ್ದೇ ಓದಿದ್ದು. ಅಮೆರಿಕದ ಓಹಾಯೋದಲ್ಲಿ 1981ರಲ್ಲಿ ರಸ್ತೆ ಬದಿ ಸಿಕ್ಕಿದ ಹುಡುಗಿಯ ಶವಕ್ಕೆ, ಅವಳು ತೊಟ್ಟಿದ್ದ ಜಿಂಕೆ ಚರ್ಮದ ಕೋಟಿನಿಂದಲೇ ಹೆಸರಿಟ್ಟು ಕರೆಯುತ್ತಿದ್ದರಂತೆ. ಉಳಿಸಿಟ್ಟಿದ್ದ ಅವಳ ರಕ್ತದ ಡಿಎನ್‌ಎಯನ್ನು 2018ರಲ್ಲಿ ಜೆಡ್‌ಮ್ಯಾಚ್ ಎಂಬ ವಂಶಾವಳಿ ತಾಣಕ್ಕೆ ಹಾಕಿದರು. ತಮ್ಮ ಮುತ್ತಜ್ಜ ಯಾರೆಂದು ತಿಳಿಯುವ ಆಸೆಯಿಂದ ಜನ ತಾವಾಗಿ ಡಿಎನ್‌ಎ ವಿವರ ಹಾಕಿರುವ ತಾಣ ಅದು. ಹುಡುಗಿಯ ಹತ್ತಿರದ ನೆಂಟರೊಬ್ಬರ ವಿವರ ಅಲ್ಲಿತ್ತು. ಮೂವತ್ತೇಳು ವರ್ಷ ಸಿಗದ ಹೆಸರು ಸಿಕ್ಕಿತು. ಈ ಕೆಲಸ ಮಾಡಿದ್ದು ಡಿಎನ್‌ಎ ಡೋ ಪ್ರಾಜೆಕ್ಟ್ ಎಂಬ, 2017ರಲ್ಲಿ ಹುಟ್ಟಿದ ಸ್ವಯಂಸೇವಕರ ಗುಂಪು. ಅದೇ 2018ರ ಏಪ್ರಿಲಿನಲ್ಲಿ ಅದೇ ತಾಣದ ನೆರವಿನಿಂದ ಕ್ಯಾಲಿಫೋರ್ನಿಯಾದ ಹಳೆಯ ಸರಣಿ ಕೊಲೆಗಾರನೂ ಸಿಕ್ಕಿಬಿದ್ದ. ಫಿಲಡೆಲ್ಫಿಯಾದಲ್ಲಿ 1957ರಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಸಿಕ್ಕಿದ ಮಗುವಿನ ಹೆಸರು ಹೊರಬಿದ್ದದ್ದು 2022ರ ಡಿಸೆಂಬರಿನಲ್ಲಿ. ಅಲ್ಲಿ ವಂಶಾವಳಿ ಹುಡುಕುವವರು ಮೂರನೆಯ ತಲೆಮಾರಿನ ನೆಂಟನಿಂದ ಶುರುಮಾಡಿ ಮೇಲಕ್ಕೆ ಹತ್ತಿ, ಸಮಾನ ಮುತ್ತಜ್ಜನನ್ನು ಹಿಡಿದು, ಮತ್ತೆ ಕೆಳಕ್ಕೆ ಇಳಿದು ಪ್ರತಿ ಕೊಂಬೆಯನ್ನೂ ತಡವುತ್ತಾರೆ. ನನಗೆ ಅಸೂಯೆಯಾಯಿತು. ನಾನೂ ಅದನ್ನೇ ಮಾಡುವವನು, ಆದರೆ ನನ್ನ ಮರಗಳೆಲ್ಲ ಎರಡು ಎಕರೆ ಹದಿನಾಲ್ಕು ಗುಂಟೆಗೆ ಬಂದು ನಿಲ್ಲುತ್ತವೆ.

ನಮ್ಮಲ್ಲಿ ವಂಶಾವಳಿ ಹೇಳುವವರು ಇಲ್ಲದೆ ಇರಲಿಲ್ಲ. ಹೆಳವರು ಎತ್ತಿನ ಮೇಲೆ ಬಂದು ಮನೆತನದ ಹೆಸರುಗಳನ್ನು ಒಂದೇ ಉಸಿರಿಗೆ ಹೇಳುತ್ತಿದ್ದುದನ್ನು ಅಜ್ಜಿ ನೆನೆಯುತ್ತಿದ್ದಳು. ಆದರೆ ಠಾಣೆಯವರು ಹುಡುಕಿ ನೋಡಬಹುದಾದ ಡಿಎನ್‌ಎ ಭಂಡಾರ ನಮ್ಮಲ್ಲಿಲ್ಲ. ಕಾಣೆಯಾದವರದ್ದೊಂದು, ಗುರುತು ಸಿಗದ ಶವಗಳದ್ದೊಂದು ಪಟ್ಟಿ ಇಡಬೇಕೆಂದು ಹೇಳಿದ್ದ ಡಿಎನ್‌ಎ ಮಸೂದೆ 2019ರಲ್ಲಿ ಲೋಕಸಭೆಗೆ ಬಂದು, 2023ರ ಜುಲೈನಲ್ಲಿ ವಾಪಸಾಯಿತು. ಜನರ ರಕ್ತದ ಗುಟ್ಟು ಸರ್ಕಾರದ ಕೈಗೆ ಹೋಗುತ್ತದೆಂದು ಅದನ್ನು ವಿರೋಧಿಸಿದವರಿದ್ದರು. ಅವರ ಮಾತು ಪೊಳ್ಳಲ್ಲ. ಆದರೆ ನಮ್ಮ ಮಟ್ಟಿಗೆ ಅದರ ಅರ್ಥ ಇಷ್ಟು: ಮೂಳೆ ತಾನಾಗಿ ನಮ್ಮನ್ನು ಹುಡುಕಿಕೊಂಡು ಬರುವುದಿಲ್ಲ, ನಾವೇ ಹೋಗಿ 'ಇದು ನಮ್ಮದಿರಬಹುದು' ಎನ್ನಬೇಕು. ಆ ಬೆರಳಗಲದ ಸುದ್ದಿ ನನ್ನ ಕಣ್ಣು ತಪ್ಪಿದ್ದರೆ ಅಲ್ಲಿಗೆ ಮುಗಿಯಿತು.

2024ರ ಮಾರ್ಚಿನಲ್ಲಿ ರಕ್ತ ಕೊಡಲು ಸರ್ಕಾರಿ ಆಸ್ಪತ್ರೆಗೆ ಕರೆದರು. ಪಟ್ಟಿಯಲ್ಲಿದ್ದದ್ದು ದೊಡ್ಡ ಮಾವ ಮತ್ತು ಅಮ್ಮ. ಭಾವಚಿತ್ರ ಅಂಟಿಸಿದ ನಮೂನೆ, ಹೆಬ್ಬೆಟ್ಟಿನ ಗುರುತು, ಇಬ್ಬರು ಸಾಕ್ಷಿಗಳು. ಇತ್ತೀಚೆಗೆ ಬೇರೆಯವರ ರಕ್ತ ಏರಿಸಿಕೊಂಡಿದ್ದೀರಾ ಎಂಬ ಪ್ರಶ್ನೆ. ಮುಂದಿನದನ್ನು ವೈದ್ಯರು ಸಹಜವಾಗಿಯೇ ಕೇಳಿದರು: "ಕಾಣೆಯಾದವರು ನಿಮಗೆ ಒಂದೇ ತಂದೆ, ಒಂದೇ ತಾಯಿಯ ತಮ್ಮನೇ?"

ದೊಡ್ಡ ಮಾವ ಅಮ್ಮನ ಮುಖ ನೋಡಿದರು. ಅಮ್ಮ ನೆಲ ನೋಡಿದಳು. "ತಂದೆ ಒಬ್ಬರೇ" ಎಂದರು ದೊಡ್ಡ ಮಾವ.

ನಲವತ್ತನಾಲ್ಕು ವರ್ಷ ಬದುಕಿದ ನನಗೆ ಅದು ಗೊತ್ತಿರಲಿಲ್ಲ. ತಾತನ ಮೊದಲ ಹೆಂಡತಿ ಬಾಣಂತನದಲ್ಲಿ ಹೋಗಿದ್ದರು. ಅಜ್ಜಿ ಎರಡನೆಯವಳು, ತಾತನ ಸ್ವಂತ ಅಕ್ಕನ ಮಗಳು. ಸೋದರಮಾವನನ್ನು ಮದುವೆಯಾಗುವುದು ನಮ್ಮ ಕಡೆ ಹೊಸದೇನಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ದೊಡ್ಡ ಮಾವ ಅಜ್ಜಿಯ ಹೊಟ್ಟೆಯಲ್ಲಿ ಹುಟ್ಟಿದವರಲ್ಲ ಎಂಬುದನ್ನು ಮಾತ್ರ ಅಜ್ಜಿಯೇ ಯಾರ ಬಾಯಿಗೂ ಬರದ ಹಾಗೆ ನೋಡಿಕೊಂಡಿದ್ದಳು. ನಾನು ಬರೆದ ವಂಶವೃಕ್ಷದಲ್ಲಿ ತಾತನ ಪಕ್ಕ ಒಬ್ಬಳೇ ಹೆಂಡತಿ. ಒಂದು ಪುಟದ ಕಾಗದದಲ್ಲಿ ಎಷ್ಟು ತಪ್ಪು!

ವೈದ್ಯರು ಬಿಳಿ ಹಾಳೆ ತೆಗೆದುಕೊಂಡು ನಮಗೆ ವಿವರಿಸಿದರು, ಪುಣ್ಯಾತ್ಮರಿಗೆ ತಾಳ್ಮೆಯಿತ್ತು. ವೈ ವರ್ಣತಂತು ತಂದೆಯಿಂದ ಮಗನಿಗೆ ಹೆಚ್ಚುಕಡಿಮೆ ಹಾಗೇ ಇಳಿಯುತ್ತದೆ. ಹಾಗಾಗಿ ದೊಡ್ಡ ಮಾವನ ರಕ್ತಕ್ಕೂ ಮೂಳೆಗೂ ಅದು ತಾಳೆಯಾಗಬಹುದು. ಆದರೆ ಊರಿನಲ್ಲಿರುವ ದಾಯಾದಿಗಳೆಲ್ಲರಿಗೂ ಅದೇ ಇರುತ್ತದೆ. ಮೈಟೊಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ಗಂಡುಮಕ್ಕಳಿಗೂ ಬರುತ್ತದೆ, ಆದರೆ ಅವರಿಂದ ಮುಂದಕ್ಕೆ ಹೋಗುವುದಿಲ್ಲ. ಜೀವಕೋಶದಲ್ಲಿ ಬೇರೆ ಡಿಎನ್‌ಎ ಎರಡು ಪ್ರತಿ ಇದ್ದರೆ ಇದು ನೂರಾರು, ಸಾವಿರಾರು ಪ್ರತಿ. ಹಳೆಯ ಮೂಳೆಯಲ್ಲಿ ಕೊನೆಗೆ ಉಳಿಯುವುದು ಇದೇ. ಇದಕ್ಕೆ ದೊಡ್ಡ ಮಾವನ ರಕ್ತದಿಂದ ಏನೂ ಉಪಯೋಗವಿಲ್ಲ, ಅಮ್ಮನದು ಬೇಕು. ಅದೂ ಸಾಲದು: ಅಜ್ಜಿಯ ತಾಯಿಯ ಕಡೆಯ ಹೆಂಗಸರೆಲ್ಲರಲ್ಲೂ, ಅವರ ಮಕ್ಕಳಲ್ಲೂ ಅದೇ ಇರುತ್ತದೆ. ತಾತ ಅಜ್ಜಿಗೆ ಸೋದರಮಾವನಾದ್ದರಿಂದ ತಾತನಲ್ಲೂ ಅದೇ ಇತ್ತು! ಗಂಡ ಹೆಂಡತಿ ಇಬ್ಬರಿಗೂ ಒಂದೇ ತಾಯಿಬೇರು. ನೆಂಟರೊಳಗೆ ಹೀಗೆ ಮದುವೆಯಾಗುತ್ತ ಬಂದವರಲ್ಲಿ ರಕ್ತ ನಿಜಕ್ಕಿಂತ ಹತ್ತಿರದ ಸಂಬಂಧವನ್ನು ತೋರಿಸಿ ಲೆಕ್ಕ ತಪ್ಪಿಸುತ್ತದಂತೆ.

ಕೊನೆಗೆ ಒಬ್ಬನೇ ವ್ಯಕ್ತಿಯನ್ನು ಹಿಡಿದು ತೋರಿಸುವುದು ಎಸ್‌ಟಿಆರ್ ಎಂಬ ಗುರುತುಗಳು, ಅಂದರೆ ಡಿಎನ್‌ಎಯಲ್ಲಿ ಒಂದು ಸಣ್ಣ ತುಣುಕು ಮತ್ತೆ ಮತ್ತೆ ಬರುವ ಜಾಗಗಳು; ಪ್ರತಿಯೊಂದರಲ್ಲೂ ತಂದೆಯಿಂದ ಬಂದದ್ದೊಂದು, ತಾಯಿಯಿಂದ ಬಂದದ್ದೊಂದು ಇರುತ್ತದೆ. ತಾಯಿಯೋ ತಂದೆಯೋ ಬದುಕಿದ್ದರೆ ಸುಲಭ, ಪ್ರತಿ ಗುರುತಿನಲ್ಲೂ ಮಗುವಿನ ಅರ್ಧ ಅವರಿಂದ ಬಂದಿರಲೇಬೇಕು. ಅಣ್ಣ ತಮ್ಮ ಅಕ್ಕ ತಂಗಿಯರಲ್ಲಿ ಹಾಗಲ್ಲ. ಯಾವುದೇ ಒಂದು ಗುರುತಿನಲ್ಲಿ ಇಬ್ಬರಿಗೂ ಎರಡೂ ಒಂದೇ ಬಂದಿರುವ ಸಂಭವ ಕಾಲು ಭಾಗ, ಒಂದು ಮಾತ್ರ ಒಂದೇ ಇರುವುದು ಅರ್ಧ, ಒಂದೂ ಸೇರದಿರುವುದು ಇನ್ನು ಕಾಲು ಭಾಗ. ಒಬ್ಬ ಅಕ್ಕನ ರಕ್ತದಿಂದ ಖಚಿತವಾಗಿ ಹೇಳುವುದು ಕಷ್ಟ. ಒಡಹುಟ್ಟಿದವರು ಹೆಚ್ಚು ಸಿಕ್ಕಷ್ಟೂ ಸತ್ತ ತಂದೆ ತಾಯಿಯ ಗುರುತುಗಳನ್ನು ಲೆಕ್ಕ ಹಾಕಿ ಕಟ್ಟಬಹುದು.

"ಒಂದೇ ತಾಯಿಯ ಮಕ್ಕಳು ಇನ್ನು ಯಾರಾದರೂ ಇದ್ದಾರೆಯೇ?"

ಈ ಬಾರಿ ಮೂವರೂ ನೆಲ ನೋಡಿದೆವು.

ಪುಂಗನೂರಿಗೆ ಒಬ್ಬನೇ ಹೋದೆ. ದೊಡ್ಡಮ್ಮ ಬಾಗಿಲಲ್ಲಿ ನಿಂತು ನನ್ನನ್ನು ಗುರುತು ಹಿಡಿಯಲು ಒಂದು ನಿಮಿಷ ತೆಗೆದುಕೊಂಡರು. ಕನ್ನಡ ತೆಲುಗು ಬೆರೆಸಿ ಮಾತು. ಕಾಫಿ ಕೊಟ್ಟರು. ಬಾವಿಯ ವಿಷಯ ಹೇಳಿದೆ. ಅತ್ತಾರು ಎಂದುಕೊಂಡಿದ್ದೆ, ಅಳಲಿಲ್ಲ. "ಬಾವಿ ಊರಿನ ಈಚೆಗೋ ಆಚೆಗೋ?" ಎಂದು ಕೇಳಿದರು. ಅರ್ಥವಾಗಲಿಲ್ಲ. "ಶ್ರೀನಿವಾಸಪುರದಿಂದ ಬರುವಾಗ ನಮ್ಮ ಊರಿನ ದಾರಿಯಲ್ಲಿದೆಯೋ, ಅಥವಾ ಬೇರೆ ಕಡೆಗೋ?" ನಮ್ಮ ಊರಿನ ದಾರಿಯಲ್ಲೇ ಎಂದೆ. ತಲೆಯಾಡಿಸಿ ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದರು. ನಾನು ಬರೆದಿದ್ದ ವಂಶವೃಕ್ಷದ ಮಾತನ್ನು ಅಂದು ಹೇಳಲು ಧೈರ್ಯ ಬರಲಿಲ್ಲ.

ಆಸ್ಪತ್ರೆಯ ಬೆಂಚಿನ ಒಂದು ತುದಿಯಲ್ಲಿ ದೊಡ್ಡಮ್ಮ, ಇನ್ನೊಂದು ತುದಿಯಲ್ಲಿ ದೊಡ್ಡ ಮಾವ, ನಡುವೆ ಅಮ್ಮ. ದೊಡ್ಡ ಮಾವನ ರಕ್ತ ಆಗಲೇ ತೆಗೆದಾಗಿತ್ತು, ಅವರು ಬರಬೇಕಾದ ಅಗತ್ಯವೇ ಇರಲಿಲ್ಲ. ಬಂದಿದ್ದರು. ಮಾತಿಲ್ಲ. ನರ್ಸ್ ಸೂಜಿ ಚುಚ್ಚಿದಾಗ ದೊಡ್ಡಮ್ಮ ಮುಖ ತಿರುಗಿಸಿದ್ದು ದೊಡ್ಡ ಮಾವ ಕೂತಿದ್ದ ಕಡೆಗೆ. ಅದು ಬೇಕೆಂದೇ ಇರಲಿಕ್ಕಿಲ್ಲ.

ಆಮೇಲೆ ಕಾಯುವುದು. ಅದನ್ನು ಉದ್ದ ಮಾಡಿ ಹೇಳುವುದಕ್ಕೇನಿಲ್ಲ. ತೊಡೆಮೂಳೆಯ ತುಂಡಿನಿಂದ ಮೊದಲ ಸಲ ಅರೆಬರೆ ಗುರುತುಗಳಷ್ಟೇ ಸಿಕ್ಕವು. ನೀರು ಕೆಸರಿನಲ್ಲಿ ನೆನೆದು ಒಣಗಿ, ಮತ್ತೆ ನೆನೆದು ಒಣಗಿದ ಮೂಳೆಯಲ್ಲಿ ಡಿಎನ್‌ಎ ಎಳೆ ತುಂಡುತುಂಡಾಗಿರುತ್ತದೆ. ಉದ್ದದ ತುಂಡು ಬೇಡುವ ಗುರುತುಗಳು ಓದಲು ಸಿಗುವುದಿಲ್ಲ. ಎರಡನೆಯ ಸಲ ದವಡೆ ಹಲ್ಲು ತೆಗೆದುಕೊಂಡರು. ಎನಾಮೆಲ್ ಪದರದ ಒಳಗೆ ಹಲ್ಲಿನ ತಿರುಳು ಭರಣಿಯಲ್ಲಿಟ್ಟ ಹಾಗೆ ಉಳಿದಿರುತ್ತದಂತೆ. ಹೊರಮೈ ಉಜ್ಜಿ ತೆಗೆದು, ಕೊರೆಯುವ ಚಳಿಯಲ್ಲಿ ಪುಡಿ ಮಾಡಿ, ಸುಣ್ಣದಂಶ ಕರಗಿಸಿ ತೆಗೆಯುವುದೇ ದಿನಗಟ್ಟಲೆಯ ಕೆಲಸ. ಪಂಜಾಬಿನ ಅಜ್ನಾಲಾದ ಬಾವಿಯಿಂದ 2014ರಲ್ಲಿ ಮೇಲೆತ್ತಿದ ಅಸ್ಥಿಗಳ ವಿಷಯ ಆಗ ಓದಿದೆ. 1857ರಲ್ಲಿ ಕೊಲ್ಲಲ್ಪಟ್ಟ ಸಿಪಾಯಿಗಳವು. ಅವರು ಗಂಗಾ ಬಯಲಿನವರೆಂದು 2022ರಲ್ಲಿ ನಮ್ಮ ವಿಜ್ಞಾನಿಗಳು ಹೇಳಿದ್ದು ಹಲ್ಲುಗಳ ನೆರವಿನಿಂದ. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಾಲ್‌ಜಿ ಸಿಂಗ್ ಕಟ್ಟಿದ ಡಿಎನ್‌ಎ ವಿದ್ಯೆ ಅಷ್ಟು ದೂರ ಹೋಗಿದೆ. ಆದರೆ ಆ ಸಿಪಾಯಿಗಳಿಗೂ ಸೀಮೆ ಸಿಕ್ಕಿತೇ ಹೊರತು ಒಬ್ಬೊಬ್ಬನ ಹೆಸರು ಸಿಗಲಿಲ್ಲ. ಹೆಸರು ಸಿಗಬೇಕಾದರೆ ಬೆಂಚಿನ ಮೇಲೆ ಬಂದು ಕೂರುವ ಅಕ್ಕ ತಂಗಿ ಬೇಕು.

2025ರ ಫೆಬ್ರವರಿಯಲ್ಲಿ ಠಾಣೆಯಿಂದ ಕರೆ ಬಂತು. ತಾಯಿಬೇರು ಅಮ್ಮ, ದೊಡ್ಡಮ್ಮ ಇಬ್ಬರಿಗೂ ತಾಳೆ. ತಂದೆಬೇರು ದೊಡ್ಡ ಮಾವನಿಗೆ ತಾಳೆ. ಎಸ್‌ಟಿಆರ್ ಲೆಕ್ಕದಲ್ಲಿ ಅಮ್ಮನೊಬ್ಬಳ ರಕ್ತದಿಂದ ಅನುಮಾನ ಉಳಿಯುತ್ತಿದ್ದ ಕೆಲವು ಕಡೆ ದೊಡ್ಡಮ್ಮನ ರಕ್ತ ಕೂಡಿಬಂದು ದಾರಿ ತೋರಿಸಿತ್ತು. ವರದಿಯ ಭಾಷೆ ನಮ್ಮ ಪತ್ರಗಳ ಭಾಷೆಗಿಂತ ಬಿಗಿ: 'ಒಡಹುಟ್ಟಿದವರೆಂಬುದನ್ನು ಬೆಂಬಲಿಸುತ್ತದೆ' ಎಂದಿತ್ತು, 'ಇವನೇ' ಎಂದಿರಲಿಲ್ಲ. ನಮಗೆ ಅಷ್ಟು ಸಾಕಾಗಿತ್ತು.

ಹೇಗೆ ಸತ್ತ ಎಂಬುದಕ್ಕೆ ಉತ್ತರವಿಲ್ಲ. ಬುರುಡೆಯಲ್ಲೊಂದು ಬಿರುಕಿದೆ, ಬಿದ್ದು ಆಗಿರಬಹುದು, ಜೆಸಿಬಿಯ ಹಲ್ಲು ತಾಗಿಯೂ ಆಗಿರಬಹುದು, ಸಾವಿನ ಕಾರಣ ಹೇಳಲಾಗದು ಎಂದು ವೈದ್ಯರು ಬರೆದಿದ್ದಾರೆ. ಹಣದ ಚೀಲ ಸಿಗಲಿಲ್ಲ. ಇಪ್ಪತ್ತೈದು ವರ್ಷ ಕೆಸರಿನಲ್ಲಿದ್ದ ನೋಟು ಉಳಿಯುತ್ತದೆಯೇ? ಯಾರೋ ಕಿತ್ತುಕೊಂಡು ತಳ್ಳಿದರೋ, ಕತ್ತಲಲ್ಲಿ ಕಟ್ಟೆಯಿಲ್ಲದ ಬಾವಿಗೆ ಕಾಲಿಟ್ಟನೋ, ಹಲ್ಲು ಅದನ್ನು ಹೇಳಲಿಲ್ಲ. ಮನೆಗೆ ಬಂದ ಮೇಲೆ ದೊಡ್ಡ ಮಾವನೇ ಮೊದಲು ಬಾಯಿ ಬಿಟ್ಟರು. ದೊಡ್ಡಮ್ಮನ ಹೆಸರು ಹಿಡಿದು ಕರೆದು, "ಅವನು ಮನೆಗೇ ಬರುತ್ತಿದ್ದ" ಎಂದರು. "ಅಂದು ನಾನೂ ಅದನ್ನೇ ಹೇಳಿದ್ದು" ಎಂದರು ದೊಡ್ಡಮ್ಮ.

ಮೂಳೆಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿಕೊಟ್ಟರು, ಸಹಿ ಮಾಡಿ ತೆಗೆದುಕೊಂಡೆ. ಒಂದು ತೊಡೆಮೂಳೆಗೆ ಚೌಕವಾಗಿ ಕತ್ತರಿಸಿದ ಗುರುತಿತ್ತು. ದವಡೆಯಲ್ಲಿ ಒಂದು ಹಲ್ಲಿನ ಜಾಗ ಖಾಲಿ. ಮಾವಿನ ತೋಪಿನ ಮೂಲೆಯಲ್ಲಿ, ತಾತನ ಪಕ್ಕ ಮಣ್ಣು ಮಾಡಿದೆವು.

ಈಗ ಹೊಸ ವಂಶವೃಕ್ಷ ಬರೆದಿದ್ದೇನೆ. ಎರಡು ಹೆಂಡಿರು, ನಾಲ್ಕು ಗೆರೆ. ಬರೆಯುವ ಮೊದಲು ದೊಡ್ಡಮ್ಮನಿಗೆ ಹಳೆಯದನ್ನು ತೋರಿಸಿ, ಇದನ್ನು ಬರೆದವನು ನಾನೇ ಎಂದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಅಕ್ಷರ ಚೆನ್ನಾಗಿದೆ" ಎಂದರು. ಜಮೀನು ಬೇಡವೆಂದೂ ಹೇಳಲಿಲ್ಲ, ಬೇಕೆಂದೂ ಹೇಳಲಿಲ್ಲ. ಕೇಳುವ ಮುಖ ನನಗೂ ಇಲ್ಲ.

ಮರಣ ನೋಂದಣಿಯ ಅರ್ಜಿ ಇನ್ನೂ ನನ್ನ ಮೇಜಿನ ಮೇಲಿದೆ. ವರ್ಷ ದಾಟಿದ ಸಾವಿಗೆ ಅಧಿಕಾರಿಯ ಆದೇಶ ಬೇಕು, ಅದು ಸಿಗುತ್ತದೆ. ತೊಡಕಿರುವುದು 'ಮರಣದ ದಿನಾಂಕ' ಎಂಬ ಅಂಕಣದಲ್ಲಿ. ಮಂಡಿಯ ಪಟ್ಟಿಯಲ್ಲಿರುವುದು ಹಣ ಕೊಟ್ಟ ದಿನ, ಯುಡಿಆರ್‌ನಲ್ಲಿರುವುದು ಮೂಳೆ ಸಿಕ್ಕ ದಿನ. ತಿಥಿ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆ ಇದೆ, ಆ ದಿನ ಎಡೆ ಇಟ್ಟೆವು. ಅರ್ಜಿಯಲ್ಲಿ ಹಾಗೆ ಬರೆಯಲಾಗದು. ಗಡಿಯಾರ ಇನ್ನೂ ಠಾಣೆಯ ಮುದ್ದೆಮಾಲಿನಲ್ಲಿ, ಅಂದರೆ ಪ್ರಕರಣಕ್ಕೆಂದು ತೆಗೆದಿಟ್ಟ ವಸ್ತುಗಳ ಜೊತೆ, ಇದೆ. ಅದಕ್ಕೂ ಒಂದು ಅರ್ಜಿ ಬರೆಯಬೇಕು. ದೊಡ್ಡಮ್ಮ ಕೇಳಿದ್ದು ಅದೊಂದನ್ನೇ: ಆ ಗಡಿಯಾರ ಕೊಡಿಸಿದ್ದು ಅವರಂತೆ.